ಓರಗೆಯವರಿಗೊಂದು ಕೋಣೆ

ನಮ್ಮ ಕನ್ನಡ ಸಂಘದ ಸುದ್ದಿಪತ್ರದ ಈ ಸಂಚಿಕೆ ಕಳೆದ ಭಾನುವಾರವೇ ನಿಮ್ಮ ಕೈ ಸೇರಬೇಕಿತ್ತು. ತಡವಾದದ್ದಕ್ಕೆ ಕ್ಷಮೆಯಿರಲಿ. ಕಚೇರಿ ಮುಗಿಸಿ, ಅಡುಗೆಮನೆ ಒರೆಸಿ, ರಾತ್ರಿ ಹತ್ತೂವರೆಗೆ ಈ ಪುಟದ ಮುಂದೆ ಕುಳಿತಿದ್ದೇನೆ. ಹೊರಗೆ ನ್ಯೂಯಾರ್ಕ್ ರಾಜ್ಯದ ನಮ್ಮ ರಾಚೆಸ್ಟರಿನಲ್ಲಿ ಈ ವರ್ಷದ ಮೊದಲ ಹಿಮ ಹನಿಯುತ್ತಿದೆ, ನೆಲ ಮುಟ್ಟುವ ಮೊದಲೇ ಕರಗುವ ಹಿಮ. ರಾಜ್ಯೋತ್ಸವದ ಬಗ್ಗೆ ಬರೆಯಬೇಕೆಂದು ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ಆದರೆ ಮೊನ್ನೆ ಮಂಗಳವಾರ ಮಗ ಆಡಿದ ಒಂದು ಮಾತು ಮನಸ್ಸು ಬಿಟ್ಟು ಹೋಗುತ್ತಿಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ.

ನನ್ನ ಮಗನಿಗೆ ಆಟಿಸಂ ಇದೆಯೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮಾತು, ಒಡನಾಟ, ಸದ್ದು ಬೆಳಕಿನ ಅನುಭವ ಹುಟ್ಟಿನಿಂದಲೇ ಬೇರೆ ಬಗೆಯದಾಗಿರುವ ಸ್ಥಿತಿ ಅದು. ಈಗ ಅವನಿಗೆ ಹದಿನಾರು. ಈ ವಸಂತದಿಂದ ಪ್ರತಿ ಮಂಗಳವಾರ ಸಂಜೆ ಗ್ರಂಥಾಲಯದ ಹಿಂಬದಿಯ ಕೋಣೆಯೊಂದಕ್ಕೆ ಹೋಗುತ್ತಾನೆ. ಅಲ್ಲಿ ಎಂಟೊಂಬತ್ತು ಮಂದಿ ಹುಡುಗ ಹುಡುಗಿಯರು, ಎಲ್ಲರೂ ಆಟಿಸಂ ಇರುವವರೇ. ನಡೆಸಿಕೊಡುವ ಇಬ್ಬರು ಹಿರಿಯರೂ ಅಂಥವರೇ. ಶಿಕ್ಷಕರು, ತಜ್ಞರು, ಅಪ್ಪ ಅಮ್ಮ ಯಾರಿಗೂ ಒಳಗೆ ಪ್ರವೇಶವಿಲ್ಲ. ನಾನು ಒಂದೂವರೆ ಗಂಟೆ ಕಾರಿನಲ್ಲಿ ಕುಳಿತಿರುತ್ತೇನೆ. ಮೊನ್ನೆ ಅವನು ಬಂದು ಸೀಟ್ ಬೆಲ್ಟ್ ಹಾಕಿಕೊಂಡು, ಎಂದಿನಂತೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದ: “ಅಲ್ಲಿ ಮಾತನಾಡುವ ಮೊದಲು ಮನಸ್ಸಿನಲ್ಲಿ ಅನುವಾದ ಮಾಡಿಕೊಳ್ಳಬೇಕಾಗಿಲ್ಲ, ಅಮ್ಮ.”

“ಹಾಗೆಂದರೆ?”

“ನೀನು ಫೋನಿನಲ್ಲಿ ಅಜ್ಜಿಯ ಹತ್ತಿರ ಮಾತನಾಡುತ್ತೀಯಲ್ಲ, ಹಾಗೆ.”

ದಾರಿಯುದ್ದಕ್ಕೂ ನನಗೆ ಮಾತು ಹೊರಡಲಿಲ್ಲ. ನಾನು ಫೋನಿನಲ್ಲಿ ಅಮ್ಮನ ಜೊತೆ ಹೇಗೆ ಮಾತನಾಡುತ್ತೇನೆ, ಕಚೇರಿಯ ಸಭೆಯಲ್ಲಿ ಹೇಗೆ ಮಾತನಾಡುತ್ತೇನೆ ಎಂಬುದನ್ನು ಆ ಹುಡುಗ ಇಷ್ಟು ವರ್ಷ ಪಕ್ಕದ ಕೋಣೆಯಿಂದ ಕೇಳಿಸಿಕೊಂಡಿದ್ದಾನೆ.

ಅಂದು ರಾತ್ರಿ ನೆನಪಾದವನು ಚಿಕ್ಕಪ್ಪ. ಆನಂದಪುರದ ಹತ್ತಿರ ನಮ್ಮ ಹಿರಿಯರ ಮನೆ. ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾಯಿತೆಂದರೆ ಅಂಗಳಕ್ಕೆ ರಾತ್ರಿಯೆಂಬುದೇ ಇರುತ್ತಿರಲಿಲ್ಲ. ಚಪ್ಪರದ ಕೆಳಗೆ ಗ್ಯಾಸ್‌ಲೈಟಿನ ಸುತ್ತ ಹದಿನೈದು ಇಪ್ಪತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದರು. ಊರಿನ ಜಗಳ, ತಾಳಮದ್ದಳೆಯ ಮಾತು, ಯಾರ ಮನೆಯ ಹೆಣ್ಣಿಗೆ ಯಾವೂರಿನ ಗಂಡು, ಎಲ್ಲವೂ ಸುಲಿದ ಅಡಿಕೆಯ ಜೊತೆಗೇ ರಾಶಿ ಬೀಳುತ್ತಿತ್ತು. ಅಪ್ಪನ ಕಿರಿಯ ತಮ್ಮ ಮಾತ್ರ ಆ ಬೆಳಕಿನಿಂದ ದೂರ, ಕೊಟ್ಟಿಗೆಯ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಗ್ಯಾಸ್‌ಲೈಟು ಬುಸುಗುಡುವ ಸದ್ದು ಅವನಿಗೆ ಆಗುತ್ತಿರಲಿಲ್ಲ. ಯಾರಾದರೂ ಮುಖಕ್ಕೆ ಮುಖ ಕೊಟ್ಟು ಮಾತನಾಡಿಸಿದರೆ ಎದ್ದು ತೋಟಕ್ಕೆ ಇಳಿದುಬಿಡುತ್ತಿದ್ದ.

ಸುಲಿಗೆಯ ಕಾಲಕ್ಕೆ ಸಾಗರದ ಕಡೆಯಿಂದ ಪ್ರತಿ ವರ್ಷ ಒಬ್ಬ ಬರುತ್ತಿದ್ದ, ತನ್ನ ಅಣ್ಣನ ಜೊತೆ. ಅವನೂ ಮಾತಿನವನಲ್ಲ. ಮೊದಲ ವರ್ಷ ಚಿಕ್ಕಪ್ಪನಿಂದ ನಾಲ್ಕು ಮಾರು ದೂರ ಕುಳಿತಿದ್ದನಂತೆ. ನಾನು ಕಣ್ಣಾರೆ ನೋಡುವ ಹೊತ್ತಿಗೆ ಇಬ್ಬರ ಮೆಟ್ಟುಗತ್ತಿಯೂ ಅಕ್ಕಪಕ್ಕ ಬಂದಿದ್ದವು. ಚಿಕ್ಕಪ್ಪ “ಕುಂಸಿ” ಎನ್ನುತ್ತಿದ್ದ. ನಾಲ್ಕೈದು ಅಡಿಕೆ ಸುಲಿದಾದ ಮೇಲೆ ಆತ “ಅರಸಾಳು” ಎನ್ನುತ್ತಿದ್ದ. ಮತ್ತೆ ನಾಲ್ಕೈದು ಅಡಿಕೆ. “ಆನಂದಪುರ.” ಹೀಗೆ ಒಂದೊಂದೇ ರೈಲು ನಿಲ್ದಾಣದ ಹೆಸರು ಹೇಳುತ್ತ ತಾಳಗುಪ್ಪದವರೆಗೆ ಹೋಗಿ, ಅಲ್ಲಿಂದ ತಿರುಗಿ ಶಿವಮೊಗ್ಗ ದಾಟಿ, ಭದ್ರಾವತಿ, ತರೀಕೆರೆ, ಬೀರೂರು. ರೈಲಿನ ಕೂಗು ಕೇಳಿಸಿದರೆ ಇಬ್ಬರ ಕೈಯೂ ಒಟ್ಟಿಗೇ ನಿಲ್ಲುತ್ತಿತ್ತು. ಅಂದು ರೈಲು ಎಷ್ಟು ನಿಮಿಷ ತಡವೆಂದು ಒಬ್ಬ ಹೇಳಿದರೆ ಇನ್ನೊಬ್ಬ ಹೌದೆಂದು ತಲೆಯಾಡಿಸುತ್ತಿದ್ದ. ಚಪ್ಪರದ ಕೆಳಗಿನವರು ನಗುತ್ತಿದ್ದರು, ನಾವು ಮಕ್ಕಳೂ ನಗುತ್ತಿದ್ದೆವು.

ಒಂದು ರಾತ್ರಿ ನಗು ಅತಿಯಾಯಿತು. ಬಂದ ನೆಂಟರಲ್ಲಿ ಯಾರೋ ಚಿಕ್ಕಪ್ಪನ ದನಿಯನ್ನು ಅಣಕಿಸಿದರು. ಅವನು ಹಣೆ ಚಚ್ಚಿಕೊಳ್ಳುತ್ತ ಕತ್ತಲಲ್ಲಿ ತೋಟಕ್ಕೆ ಓಡಿದ. ಅಪ್ಪ ಹಿಂದೆ ಹೋಗಿ ಕೈ ಹಿಡಿದರೆ ಇನ್ನಷ್ಟು ಕಿರುಚಿದ. ಆಗ ಆ ಸಾಗರದವನು ಸುಲಿಯುತ್ತಿದ್ದದ್ದನ್ನು ಬಿಟ್ಟು ಎದ್ದು ಹೋದ. ಚಿಕ್ಕಪ್ಪನ ಹತ್ತಿರ ಹೋಗಲಿಲ್ಲ, ಮುಟ್ಟಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಅಷ್ಟು ದೂರದಲ್ಲಿ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕುಳಿತು, ಬೀರೂರಿನಿಂದ ಶುರುಮಾಡಿದ. ಒಂದೊಂದು ಊರಿಗೂ ನಡುವೆ ಸಾಕಷ್ಟು ಹೊತ್ತು ಬಿಟ್ಟು ಹೇಳಿದ. ಕುಂಸಿಯವರೆಗೂ ಅವನೊಬ್ಬನದೇ ದನಿ. “ಅರಸಾಳು” ಎಂದದ್ದು ಚಿಕ್ಕಪ್ಪ.

ಮರುದಿನದಿಂದ ಅಜ್ಜಿ ಅವರಿಬ್ಬರ ಬಾಳೆಲೆಯನ್ನು ಪಂಕ್ತಿಯಲ್ಲಿ ಹಾಕದೆ ಕೊಟ್ಟಿಗೆಯ ಜಗಲಿಯಲ್ಲಿ ಜೊತೆಯಾಗಿ ಹಾಕತೊಡಗಿದಳು. ಯಾರೋ ಕೇಳಿದ್ದಕ್ಕೆ, “ಅವನ ಭಾಷೆ ಇವನಿಗೆ ಬರುತ್ತದೆ, ನಮಗೆ ಬರುವುದಿಲ್ಲ” ಎಂದಳು.

ಚಿಕ್ಕಪ್ಪನಿಗೆ ಆಟಿಸಂ ಇತ್ತೆಂದು ನಾನು ಹೇಳಲಾರೆ. ಅವನನ್ನು ಯಾವ ವೈದ್ಯರೂ ನೋಡಿರಲಿಲ್ಲ. ಆಟಿಸಂ ಎಂಬ ಹೆಸರನ್ನು ಭಾರತದ 1995ರ ಅಂಗವಿಕಲರ ಕಾಯ್ದೆಯೂ ಒಳಗೊಂಡಿರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯವರೆಗೆ ಕಾಯಬೇಕಾಯಿತು. ಕನ್ನಡದಲ್ಲಿ ಈಗ ಸ್ವಲೀನತೆ ಎಂದು ಬರೆಯುತ್ತಾರೆ. ಆ ಪದ ನನಗೆ ಒಗ್ಗುವುದಿಲ್ಲ. ತನ್ನಲ್ಲೇ ಲೀನನಾದವನು ಇನ್ನೊಬ್ಬನಿಗಾಗಿ ಕತ್ತಲಲ್ಲಿ ಕುಳಿತು ಬೀರೂರಿನಿಂದ ಊರು ಹೇಳುತ್ತ ಬರುವುದಿಲ್ಲ.

ಅಷ್ಟು ಹತ್ತಿರದಿಂದ ಕಂಡೂ ನಾನು ಮಾಡಿದ್ದನ್ನು ಹೇಳಬೇಕು. ಮಗನಿಗೆ ಒಂಬತ್ತು ವರ್ಷವಿದ್ದಾಗ, ಮಾತಿನ ತರಬೇತಿಗೆ ಹೋಗುತ್ತಿದ್ದ ಕಡೆ ಅವನಂಥದೇ ಇನ್ನೊಬ್ಬ ಹುಡುಗ ಸಿಕ್ಕಿದ. ಕಾಯುವ ಜಾಗದಲ್ಲಿ ಇಬ್ಬರೂ ನೆಲದ ಮೇಲೆ ಮಲಗಿ ಮೇಲಿನ ಫ್ಯಾನ್ ನೋಡುತ್ತಿದ್ದರು. ಒಬ್ಬ ಕೈ ಬಡಿದರೆ ಇನ್ನೊಬ್ಬನೂ ಬಡಿಯುತ್ತಿದ್ದ. ನನ್ನ ಮಗ ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಟ್ಟಿಗೆ ಬಿಟ್ಟರೆ ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ಅಂಟುತ್ತದೆ, ಮಾದರಿಯಾಗಬಲ್ಲ ಮಕ್ಕಳ ಜೊತೆ ಬೆರೆಯಲಿ ಎಂದು ಅಲ್ಲಿಯವರು ಹೇಳಿದರು. ನಾನು ಒಪ್ಪಿದೆ. ನಮ್ಮ ಸಮಯವನ್ನು ಬೇರೆ ದಿನಕ್ಕೆ ಬದಲಾಯಿಸಿದೆ. ಆ ಹುಡುಗ ಯಾಕೆ ಬರುವುದಿಲ್ಲವೆಂದು ಮಗ ಕೆಲವು ವಾರ ಕೇಳಿದ, ಆಮೇಲೆ ಕೇಳುವುದನ್ನು ಬಿಟ್ಟ. ಮಾದರಿ ಮಕ್ಕಳು ಯಾರೂ ಅವನ ಪಕ್ಕ ನೆಲದ ಮೇಲೆ ಮಲಗಲಿಲ್ಲ. ಅಜ್ಜಿ ಎರಡು ಎಲೆಯನ್ನು ಒಟ್ಟಿಗೆ ಹಾಕಿದ್ದಳು. ನಾನು ಬೇರೆ ಮಾಡಿದೆ.

ಈಗ ಆ ಗ್ರಂಥಾಲಯದ ಕೋಣೆಯನ್ನು ನಡೆಸುವ ಹಿರಿಯರೊಬ್ಬರಿಂದ ಒಂದೊಂದೇ ಸಂಗತಿ ಕಲಿಯುತ್ತಿದ್ದೇನೆ. ಜಿಮ್ ಸಿಂಕ್ಲೇರ್, ಆಸ್ಟ್ರೇಲಿಯಾದ ಲೇಖಕಿ ಡೋನಾ ವಿಲಿಯಮ್ಸ್ ಮೊದಲಾದವರು, ಆಟಿಸಂ ಇದ್ದವರೇ, ಪತ್ರಗಳ ಮೂಲಕ ಪರಿಚಯವಾಗಿ 1992ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಅವರ ಮೊದಲ ಕೆಲಸಗಳಲ್ಲೊಂದು, ಓದುಗರೇ, ಸುದ್ದಿಪತ್ರ! ಹೆಸರು ‘ನಮ್ಮ ದನಿ’ ಎಂಬರ್ಥದ್ದು. 1993ರಲ್ಲಿ ಟೊರಾಂಟೊದ ಸಮ್ಮೇಳನವೊಂದರಲ್ಲಿ ಸಿಂಕ್ಲೇರ್ ತಂದೆತಾಯಿಯರನ್ನೇ ಉದ್ದೇಶಿಸಿ ಮಾತನಾಡಿದರು. ನೀವು ಎದುರು ನೋಡಿದ ಮಗು ಬರಲಿಲ್ಲವೆಂಬ ದುಃಖ ನಿಮ್ಮದು, ಅದನ್ನು ಬಂದಿರುವ ಮಗುವಿನ ತಲೆಗೆ ಕಟ್ಟಬೇಡಿ ಎಂಬುದು ಅದರ ತಿರುಳು. ಆ ಭಾಷಣ ಅಚ್ಚಾದದ್ದು ಅದೇ ಪುಟ್ಟ ಸುದ್ದಿಪತ್ರದಲ್ಲಿ. ಮೂವತ್ತು ವರ್ಷ ದಾಟಿದರೂ ಜನ ಅದನ್ನು ಹುಡುಕಿ ಓದುತ್ತಾರೆ. ಇಂಥ ಕರಪತ್ರಗಳಿಂದ ಏನಾಗುತ್ತದೆ ಎಂದು ದಣಿದಾಗಲೆಲ್ಲ ಕೇಳಿಕೊಳ್ಳುವ ನನಗೆ ಇದನ್ನು ತಿಳಿದು ಬಲ ಬಂತು.

1996ರಲ್ಲಿ ಅವರು ತಮ್ಮವರಿಗಾಗಿಯೇ ಮೊದಲ ಬೇಸಿಗೆ ಶಿಬಿರ ನಡೆಸಿದರು. ಎಲ್ಲಿ ಗೊತ್ತೇ? ನಾವು ಪಿಕ್‌ನಿಕ್ಕಿಗೆ ಹೋಗುವ ಕೆನಂಡೈಗುವಾದಲ್ಲಿ, ಇಲ್ಲಿಂದ ಒಂದು ಗಂಟೆಯೊಳಗಿನ ದಾರಿ. ಕಟುವಾದ ಸುಗಂಧದ್ರವ್ಯ ಬೇಡ, ಕ್ಯಾಮೆರಾದ ಫ್ಲಾಶ್ ಬೇಡ ಎಂಬಂಥ ನಿಯಮಗಳನ್ನು ಆ ಶಿಬಿರಗಳಲ್ಲಿ ಮಾಡಿಕೊಂಡರು. ಕೊರಳಿಗೆ ಬಣ್ಣದ ಬಿಲ್ಲೆ ಹಾಕಿಕೊಳ್ಳುವ ಪದ್ಧತಿಯೂ ಬಂತು: ಕೆಂಪು ಮುಂದಿದ್ದರೆ ಯಾರೂ ಮಾತನಾಡಿಸಬಾರದು, ಹಳದಿಯಿದ್ದರೆ ಮೊದಲೇ ಪರಿಚಯವಿರುವವರು ಮಾತ್ರ. ಸುತ್ತ ಜನರಿರಬೇಕು, ಆದರೆ ಈ ಕ್ಷಣ ಮಾತು ಬೇಡ ಎಂದು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗಷ್ಟೇ ಇಂಥದು ಹೊಳೆಯುತ್ತದೆ.

ಆಟಿಸಂ ಇರುವವರಿಗೆ ಇನ್ನೊಬ್ಬರ ಮನಸ್ಸು ಅರ್ಥವಾಗುವುದಿಲ್ಲ ಎಂದು ದೊಡ್ಡ ದೊಡ್ಡ ಪುಸ್ತಕಗಳು ಬರೆದವು. ತಾವೇ ಆಟಿಸಂ ಇರುವ ಇಂಗ್ಲೆಂಡಿನ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಅದನ್ನು ತಿರುಗಿಸಿ ಕೇಳಿದರು: ಉಳಿದವರಿಗೆ ಇವರ ಮನಸ್ಸು ಅರ್ಥವಾಗುತ್ತದೆಯೇ? ಅಡಚಣೆ ಎರಡೂ ಕಡೆಯದು. ಎಡಿನ್‌ಬರೋದಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ನಾವು ಕಿವಿಯಿಂದ ಕಿವಿಗೆ ಹೇಳುವ ಆಟದಂಥದ್ದನ್ನೇ ಮಾಡಿ ನೋಡಿದರು. ಎಂಟು ಜನರ ಸಾಲು, ಒಬ್ಬರು ಕೇಳಿದ ಕಥೆಯನ್ನು ಇನ್ನೊಬ್ಬರಿಗೆ ಹೇಳುತ್ತ ಹೋಗಬೇಕು. 2020ರ ಆ ಅಧ್ಯಯನದಲ್ಲಿ ಆಟಿಸಂ ಇರುವವರದೇ ಸಾಲು, ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ಕಥೆ ದಾಟಿಸಿತು. ಬೆರಕೆ ಸಾಲಿನಲ್ಲಿ ಮಾತ್ರ ಹೆಚ್ಚು ಸೋರಿತು. ಅವರೇ ಆಮೇಲೆ ಇನ್ನೂ ಹೆಚ್ಚು ಜನರೊಂದಿಗೆ ಮಾಡಿದಾಗ ಬೆರಕೆ ಸಾಲೂ ಹಿಂದೆ ಬೀಳಲಿಲ್ಲ. ಎರಡರಲ್ಲೂ ಕಂಡದ್ದು ಒಂದು: ಇವರಿಗೆ ಮಾತು ದಾಟಿಸುವ ಶಕ್ತಿಯೇ ಇಲ್ಲವೆನ್ನುವುದು ತಪ್ಪು.

ಆ ಕೋಣೆಯಲ್ಲಿ ಏನು ನಡೆಯುತ್ತದೆಂದು ಮಗ ಸ್ವಲ್ಪ ಸ್ವಲ್ಪ ಹೇಳುತ್ತಾನೆ. ಶಾಲೆಯ ಶೌಚಾಲಯದ ಕೈ ಒಣಗಿಸುವ ಯಂತ್ರದ ಸದ್ದಿಗೆ ಏನು ಮಾಡುವುದು. ಹೊಟ್ಟೆನೋವು ಎಷ್ಟಿದೆ ಎಂದು ವೈದ್ಯರು ಕೇಳಿದರೆ, ನೋವೋ ಹಸಿವೋ ತಿಳಿಯದಿದ್ದಾಗ ಹೇಗೆ ಉತ್ತರಿಸುವುದು. ದಿನವಿಡೀ ಎಲ್ಲರಂತೆ ನಟಿಸಿ ಮನೆಗೆ ಬಂದ ಮೇಲೆ ಕೈಕಾಲು ಸೋತುಹೋಗುವುದಕ್ಕೆ ಏನು ಮಾಡುವುದು. ಇಪ್ಪತ್ತು ವರ್ಷ ನೌಕರಿ ಮಾಡಿರುವ ಆ ಹಿರಿಯರು ತಾವು ಮಾಡಿದ್ದನ್ನು ಹೇಳುತ್ತಾರೆ. ಕಿವಿಗೆ ಸದ್ದು ತಡೆಯುವ ಸಾಧನ ಹಾಕಿಕೊಳ್ಳಲು ನಾನು ಮೂರು ವರ್ಷ ಹೇಳಿದರೂ ಕೇಳದ ಮಗ, ಅವರು ಹಾಕಿಕೊಂಡಿದ್ದನ್ನು ನೋಡಿದ ಮರುವಾರವೇ ಹಾಕಿಕೊಂಡ. ವೈದ್ಯರೂ ತರಬೇತಿಯೂ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಬೆಳೆದು ತನ್ನಂತೆಯೇ ಬದುಕುತ್ತಿರುವ ಒಬ್ಬ ಹಿರಿಯರನ್ನು ನನ್ನ ಮಗ ಹದಿನಾರು ವರ್ಷದವರೆಗೆ ನೋಡಿಯೇ ಇರಲಿಲ್ಲ. ಆ ಲೋಪವನ್ನು ತಾಯಿಯಾಗಿ ನಾನು ತುಂಬಲಾರೆ.

ಜಾಗ ಮುಗಿಯುತ್ತ ಬಂತು, ಸೂಚನೆಗಳು ಹೀಗಿವೆ. ರಾಜ್ಯೋತ್ಸವ ನವೆಂಬರ್ ಮೂರನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ, ಎಂದಿನ ಸಮುದಾಯ ಭವನದಲ್ಲಿ. ಊಟದ ಲೆಕ್ಕ ಒಂದು ವಾರ ಮೊದಲೇ ಕೊಡಿ, ಕಳೆದ ಸಲ ಬಿಸಿಬೇಳೆಬಾತ್ ಸಾಲದೆ ಕೊನೆಯ ಪಂಕ್ತಿಗೆ ಮೊಸರನ್ನವೇ ಗತಿಯಾಯಿತು. ಮಕ್ಕಳ ಏಕಪಾತ್ರಾಭಿನಯಕ್ಕೆ ತಲಾ ಮೂರು ನಿಮಿಷ ಮಾತ್ರ. ಭಾನುವಾರದ ಕನ್ನಡ ತರಗತಿ ಈ ತಿಂಗಳು ಹತ್ತು ಗಂಟೆಯ ಬದಲು ಹನ್ನೊಂದಕ್ಕೆ. ನಾಟಕದ ತಂಡಕ್ಕೆ ಒಂದು ಪೇಟ, ಎರಡು ಹಿತ್ತಾಳೆ ಚೊಂಬು ಬೇಕಾಗಿವೆ. ಮೂವತ್ತು ವರ್ಷ ನಮ್ಮ ಸಂಘದ ಲೆಕ್ಕಪತ್ರ ನೋಡಿದ ಹಿರಿಯರು ಮೈಸೂರಿಗೆ ಮರಳುತ್ತಿದ್ದಾರೆ, ಅಂದೇ ಬೀಳ್ಕೊಡುಗೆ.

ಈ ಸಲ ಹೊಸದೊಂದಿದೆ. ವೇದಿಕೆಯ ಹಿಂದಿನ ಸಣ್ಣ ಕೋಣೆಯನ್ನು ಸಮಿತಿ ನಮಗೆ ಬಿಟ್ಟುಕೊಟ್ಟಿದೆ. ಡೊಳ್ಳಿನ ಸದ್ದು, ಧ್ವನಿವರ್ಧಕ, ಒಗ್ಗರಣೆ ಮತ್ತು ಮಲ್ಲಿಗೆಯ ವಾಸನೆ ಒಟ್ಟಿಗೆ ತಡೆಯಲಾಗದವರಿಗೆ ಅದು ತೆರೆದಿರುತ್ತದೆ. ದೀಪ ಮಂದ, ನೆಲಕ್ಕೆ ಜಮಖಾನ, ಊಟವೂ ಅಲ್ಲಿಗೇ ಬರುತ್ತದೆ. ಬಿಲ್ಲೆಗಳೂ ಇರುತ್ತವೆ. ಅಂದು ಎಲ್ಲರ ಎದೆಯ ಮೇಲೂ ಹಳದಿ ಕೆಂಪು ಇರುವುದರಿಂದ, ನಮ್ಮ ಬಿಲ್ಲೆಯ ಮೇಲೆ ‘ಮಾತು ಬೇಡ’, ‘ಪರಿಚಿತರು ಮಾತ್ರ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದೇವೆ. ದಯವಿಟ್ಟು ಓದಿ ಮುಂದೆ ಹೋಗಿ, “ಯಾಕೆ ಮರಿ, ಅಂಕಲ್‌ಗೆ ನಮಸ್ಕಾರ ಹೇಳು” ಎನ್ನಬೇಡಿ.

ಇನ್ನೊಂದು ಕೋರಿಕೆ, ಇದು ಮುಖ್ಯವಾದದ್ದು. ನಮ್ಮ ಇನ್ನೂರು ಮನೆಗಳಲ್ಲಿ ಆಟಿಸಂ ಇರುವ ಮಕ್ಕಳು ಎಷ್ಟಿದ್ದಾರೆಂದು ಕೆಲವರಿಗಾದರೂ ಗೊತ್ತು. ದೊಡ್ಡವರು ಯಾರೆಂದು ಯಾರಿಗೂ ಗೊತ್ತಿಲ್ಲ, ಇಲ್ಲವೆಂದು ಮಾತ್ರ ನಾನು ನಂಬುವುದಿಲ್ಲ. ಹೇಳಿಕೊಂಡರೆ ಮಗಳ ಮದುವೆಗೆ ತೊಡಕು, ಕಚೇರಿಯಲ್ಲಿ ತೊಡಕು ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ. ವೇದಿಕೆ ಹತ್ತುವುದು ಬೇಡ, ಹೆಸರನ್ನು ಅಚ್ಚುಮಾಡುವುದಿಲ್ಲ. ಆ ಕೋಣೆಯಲ್ಲಿ ಅರ್ಧ ಗಂಟೆ ಬಂದು ಕುಳಿತುಕೊಳ್ಳಿ. ಮಕ್ಕಳು ನಿಮ್ಮನ್ನು ನೋಡಲಿ. ಉಳಿದವರಲ್ಲಿ ಇಬ್ಬರು ಬಾಗಿಲಿನ ಹೊರಗೆ ಪಾಳಿಯಲ್ಲಿ ನಿಂತರೆ ಸಾಕು. ಕರಡು ತಿದ್ದುವುದಕ್ಕೂ ಒಬ್ಬರು ಬೇಕು. ಎರಡು ವರ್ಷದಿಂದ ಒಬ್ಬಳೇ ಮಾಡುತ್ತಿದ್ದೇನೆ, ಕೈ ಸೋತಿದೆ.

ಬಾಗಿಲಿಗೆ ಅಂಟಿಸಲು ‘ಮೌನದ ಕೋಣೆ’ ಎಂದು ಬರೆದು ಮಗನಿಗೆ ತೋರಿಸಿದೆ. ಅವನು ಒಪ್ಪಲಿಲ್ಲ. “ಅಲ್ಲಿ ನಾವು ಮಾತನಾಡುತ್ತೇವೆ” ಎಂದ. ಬೇರೆ ಹೆಸರು ಹೊಳೆದವರು ಬರುವ ಗುರುವಾರದೊಳಗೆ ತಿಳಿಸಿ, ಫಲಕ ಬರೆಯುವವನು ಅವನೇ.