ನೋವನ್ನ ಬಣ್ಣದಲ್ಲಿ ತೋರಿಸಿದ ನಿಮಗೆಲ್ಲ ಥ್ಯಾಂಕ್ಸ್

ಕೆಳಹೊಟ್ಟೆ, ಸೊಂಟದ ಒಳಗೆ ತಿಂಗಳುಗಟ್ಟಲೆ ಕಾಡೋ ನೋವಿನ ಬಗ್ಗೆ, ಅದನ್ನ ಅನುಭವಿಸ್ತಿರೋರೇ ಮಾಡಿದ ನಮ್ಮ ಚಿತ್ರ-ಕಥೆಗಳ ಪ್ರದರ್ಶನ ನಿನ್ನೆ ಮುಗೀತು. ಮೈಯೆಲ್ಲ ಸುಸ್ತು, ಸೊಂಟದ ನೋವೂ ಜೋರಾಗೇ ಇದೆ, ಆದ್ರೂ ಇದನ್ನ ಬರೀದೆ ಮಲಗೋಕೆ ಮನಸ್ಸಾಗ್ತಿಲ್ಲ.

ಮೊದಲ ಥ್ಯಾಂಕ್ಸ್ ಚಿತ್ರ ಬರೆದವರಿಗೆ. ನಿಮ್ಮಲ್ಲಿ ಎಷ್ಟೋ ಜನ ಸ್ಕೂಲ್ ಬಿಟ್ಟಮೇಲೆ ಬ್ರಷ್ ಮುಟ್ಟಿದೋರೇ ಅಲ್ಲ. ಶುರುನಲ್ಲಿ ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಲೊ 1944ರಲ್ಲಿ ತನ್ನದೇ ನೋವನ್ನ ಬರೆದ ಚಿತ್ರ ತೋರಿಸಿದ್ವಲ್ಲ, ಬೆನ್ನುಮೂಳೆ ಜಾಗದಲ್ಲಿ ಒಡೆದ ಕಂಬ, ಮೈತುಂಬ ಮೊಳೆ, ಆಗ ರೂಮೆಲ್ಲ ಸುಮ್ಮನಾಗಿತ್ತು. 1925ರ ಬಸ್ ಅಪಘಾತದಲ್ಲಿ ಆಕೆಯ ಸೊಂಟದ ಮೂಳೆನೂ ಮುರಿದಿತ್ತು ಅಂದಾಗ ಒಬ್ರು ಏನೂ ಮಾತಾಡದೆ ಹಾಳೆ ಎಳ್ಕೊಂಡು ಕೆಳಹೊಟ್ಟೆಯಿಂದ ತೊಡೆವರೆಗೂ ಕಪ್ಪು ಮುಳ್ಳುತಂತಿ ಬರೆದ್ರು, ಇನ್ನೊಬ್ರು ಮೂತ್ರಕೋಶದ ಜಾಗಕ್ಕೆ ಬರೀ ಕೆಂಪು ತುಂಬಿದ್ರು. ಬಾಯಲ್ಲಿ ಎಲ್ರೂ ಹೇಳ್ತಿದ್ದದ್ದು ಕೆಳಹೊಟ್ಟೆ ನೋವು ಅಂತ ಅಷ್ಟೇ, ಹಾಳೆ ಮೇಲೆ ಒಂದರ ಹಾಗೆ ಇನ್ನೊಂದಿರ್ಲಿಲ್ಲ.

ಅದು ಯಾಕೆ ಅಂತ ಬಿಡಿಸಿ ಹೇಳಿದ ಡಾಕ್ಟರ್ ಮೇಡಂಗೆ ತುಂಬಾ ಥ್ಯಾಂಕ್ಸ್. ನೋವಿಗೆ ಕಾರಣ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೂ ಬೆಳೆಯೋ ಕಾಯಿಲೆ) ಇರಬಹುದು, ಮೂತ್ರಕೋಶ ಇರಬಹುದು, ಕರುಳು, ನರ, ಪೆಲ್ವಿಕ್ ಫ್ಲೋರ್ ಅಂದ್ರೆ ಸೊಂಟದ ತಳದಲ್ಲಿ ಈ ಅಂಗಗಳನ್ನ ಹಿಡಿದಿಡೋ ಸ್ನಾಯುಗಳ ಬಿಗಿತ, ಕೆಲವರಿಗೆ ಎರಡು ಮೂರು ಒಟ್ಟಿಗೇ. ಮಕ್ಕಳಾಗೋ ವಯಸ್ಸಿನ ಹೆಂಗಸರಲ್ಲಿ ಸುಮಾರು 10% ಜನಕ್ಕೆ ಎಂಡೋಮೆಟ್ರಿಯೋಸಿಸ್ ಇರುತ್ತೆ, ಸ್ಕ್ಯಾನ್ ನಾರ್ಮಲ್ ಬಂದ್ರೂ ಇರಬಹುದು ಅಂತ ಅವರು ಹೇಳಿದಾಗ ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗಿ ಅತ್ತುಬಿಟ್ಲು. ರಿಪೋರ್ಟ್ ಕ್ಲೀನ್ ಇದೆ, ಎಲ್ಲ ಟೆನ್ಷನ್ನಿಂದ ಅಂತ ಕೇಳಿ ಕೇಳಿ ಬಂದವಳು ಅವಳು. ನಾನೂ ಅದೇ ಕೇಳ್ಕೊಂಡು ಬಂದವಳೇ.

ತಮ್ಮ ಕಥೆ ಓದಿದ ಆ ಅಣ್ಣನಿಗೆ ವಿಶೇಷ ಥ್ಯಾಂಕ್ಸ್. ಈ ನೋವು ಗಂಡಸರಿಗೂ ಬರುತ್ತೆ, ಆದ್ರೆ ಕೂತ್ಕೊಳ್ಳೋಕೆ ಆಗಲ್ಲ, ಮೂತ್ರ ಮಾಡೋವಾಗ ಉರಿ, ದಾಂಪತ್ಯದಲ್ಲಿ ಕಷ್ಟ ಅಂತ ಅಷ್ಟು ಜನರ ಮುಂದೆ ನಿಂತು ಹೇಳೋಕೆ ಎಷ್ಟು ಧೈರ್ಯ ಬೇಕು ನನಗೊತ್ತು. ಅವರ ಹೆಂಡತಿ ಪಕ್ಕದಲ್ಲೇ ನಿಂತಿದ್ರು, ಅಕ್ಕಾ ನಿಮಗೂ.

ಸಂಕೋಚ ಬಿಟ್ಟು ಒಳಗೆ ಬಂದು, ಪ್ರತಿ ಹಾಳೆ ಮುಂದೆ ನಿಂತು ನೋಡಿದ ಅಮ್ಮಂದಿರು, ಗಂಡಂದಿರು, ಕಾಲೇಜು ಹುಡುಗರು, ನಿಮಗೂ ಮನಸಾರೆ ನಮಸ್ಕಾರ.

ಚಿತ್ರ ಬರೆದೋರು ನಿಮ್ಮ ಹಾಳೆ ವಾಪಸ್ ತಗೊಳ್ಳಿ, ಫೋನಲ್ಲೂ ಒಂದು ಫೋಟೋ ಇಟ್ಕೊಳ್ಳಿ. ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ಮಾತು ಬರದಿದ್ರೆ ಅದನ್ನೇ ತೋರಿಸಿ.