ಕ್ವಾರಿ ಹೊಂಡದ ನೀರಿನ ಬಗ್ಗೆ ಹಾಸನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಲ್ಲು ಕ್ವಾರಿಗಳಲ್ಲಿ ಬಂಡೆ ಸಿಡಿಸುವ ಮದ್ದಿನ ಮುಖ್ಯ ಭಾಗ ಅಮೋನಿಯಂ ನೈಟ್ರೇಟ್. ತುಂಬುವಾಗ ಚೆಲ್ಲಿದ್ದು, ಒದ್ದೆ ಕುಳಿಯಲ್ಲಿ ಸಿಡಿಯದೆ ಉಳಿದದ್ದು ಮಳೆಗೆ ಕರಗಿ ಹೊಂಡ ಸೇರುತ್ತದೆ. ಆ ನೀರನ್ನು ಮೋಟಾರ್ ಇಟ್ಟು ಹಳ್ಳಕ್ಕೆ ಬಿಟ್ಟರೆ ಕೆಳಗಿನ ಬೋರ್‌ವೆಲ್‌ಗೂ ಇಳಿಯಬಹುದು. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ಭಾರತೀಯ ಮಾನಕ ಐಎಸ್ 10500 ಇಟ್ಟಿರುವ ಮಿತಿ ಲೀಟರಿಗೆ 45 ಮಿ.ಗ್ರಾಂ. ಕರಗಿದ ಲವಣಗಳನ್ನು ಒಟ್ಟಾಗಿ ಅಳೆಯುವ ಟಿಡಿಎಸ್ ಮೀಟರ್ ನೈಟ್ರೇಟನ್ನು ಬೇರ್ಪಡಿಸಿ ತೋರಿಸದು. ಕುದಿಸಿದರೆ ಇನ್ನಷ್ಟು ಗಾಢವಾಗುತ್ತದೆ. ಊರಿನ ಆರ್‌ಒ ಘಟಕ ಬಹುಪಾಲು ತೆಗೆಯುತ್ತದೆ ನಿಜ, ಆದರೆ ತೆಗೆದದ್ದೆಲ್ಲ ವೇಸ್ಟ್ ಪೈಪಿನಲ್ಲಿ ಮತ್ತೆ ಚರಂಡಿಗೇ.

ಕೆಲವು ಸಿಡಿಮದ್ದುಗಳಲ್ಲಿ ಪರ್ಕ್ಲೋರೇಟ್ ಎಂಬ ಲವಣವೂ ಇರುತ್ತದೆ. ಥೈರಾಯ್ಡ್ ಗ್ರಂಥಿ ಅಯೋಡಿನ್ ಎಳೆದುಕೊಳ್ಳದಂತೆ ಅದು ತಡೆಯುತ್ತದೆ. 1950ರ ದಶಕದಲ್ಲಿ ಅತಿಥೈರಾಯ್ಡಿಗೆ ಔಷಧವಾಗಿ ಬಳಸಿದ್ದೂ ಇದೇ ಕಾರಣಕ್ಕೆ. ಕೆಲವರಲ್ಲಿ ರಕ್ತಕಣಗಳ ಉತ್ಪತ್ತಿಯೇ ನಿಂತು ಸಾವುಗಳಾದ ಮೇಲೆ ಬಳಕೆ ಕುಗ್ಗಿತು. ನೈಟ್ರೇಟ್ ಕೂಡ ಅಯೋಡಿನ್ನನ್ನು ಹೀಗೇ ತಡೆಯುತ್ತದೆ, ಬಲ ಮಾತ್ರ ಬಹಳ ಕಡಿಮೆ. ಅಯೋಡಿನ್ ಸಾಲದ ಗರ್ಭಿಣಿಯರಿಗೆ ಅಪಾಯ ಹೆಚ್ಚು. ಪರ್ಕ್ಲೋರೇಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 70 ಮೈಕ್ರೊಗ್ರಾಂ.

ಶುದ್ಧೀಕರಣವು ಕ್ವಾರಿ ಹೊಂಡದ ಬಳಿಯೇ ಆಗಬೇಕು. ದಿನಕ್ಕೆ 10,000 ಲೀಟರ್ ನೀರಿಗೆ 5 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಗುಂಡಿ ಸಾಕು. ಟಾರ್ಪಾಲು ಹಾಸಿ, ಮುಸುಕಿನ ಜೋಳದ ದಿಂಡು, ಮರದ ಚಕ್ಕೆ ತುಂಬಿ ಮುಚ್ಚಬೇಕು. ಒಳಗೆ ಅರ್ಧದಷ್ಟು ಸಂದು ಇದ್ದರೆ ನೀರು ಸುಮಾರು 12 ಗಂಟೆ ನಿಲ್ಲುತ್ತದೆ. ಗಾಳಿಯಿಲ್ಲದ ಆ ಜಾಗದಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲ ಮಾಡುತ್ತವೆ, ಅದು ಮುಗಿಯುತ್ತ ಬಂದಾಗ ಪರ್ಕ್ಲೋರೇಟಿಗೂ ಕೈಹಾಕುತ್ತವೆ. ಮರದ ಹೊಟ್ಟು ಬೇಡ, ಕಟ್ಟಿಕೊಳ್ಳುತ್ತದೆ. ಮೊದಮೊದಲು ಬರುವ ಕಂದು ನೀರನ್ನು ಹೊಂಡಕ್ಕೇ ಮರಳಿಸಬೇಕು. ಹರಿವು ಜೋರಾದರೆ ಕೆಲಸ ಅರ್ಧಕ್ಕೆ ನಿಂತು ನೈಟ್ರೈಟ್ ಉಳಿಯುತ್ತದೆ, ಅದು ನೈಟ್ರೇಟಿಗಿಂತ ವಿಷ. ತೀರಾ ನಿಧಾನವಾದರೆ ಕೊಳೆತ ಮೊಟ್ಟೆಯ ವಾಸನೆ. ಎಷ್ಟೋ ಸಲ ಮರೆತುಹೋಗುವುದು ಅಮೋನಿಯಂ ಭಾಗ. ಅದನ್ನು ಈ ಗುಂಡಿ ತೆಗೆಯದು. ಹಾಗಾಗಿ ನೀರನ್ನು ಮೊದಲು ಜಲ್ಲಿ ರಾಶಿಯ ಮೇಲೆ ತೆಳ್ಳಗೆ ಹರಿಸಿ, ಗಾಳಿಯಾಡಿಸಿ ಅಮೋನಿಯಮ್ಮನ್ನು ನೈಟ್ರೇಟ್ ಮಾಡಿಕೊಳ್ಳಬೇಕು. ಕ್ವಾರಿಯಲ್ಲಿ ಜಲ್ಲಿಗೇನು ಬರವೇ?

ತಮ್ಮಲ್ಲಿ ಕೋರುವುದಿಷ್ಟು. ಹೊಂಡದ ನೀರು ಹೊರಬಿಡುವ ಪ್ರತಿ ಕ್ವಾರಿಗೂ ಈ ವ್ಯವಸ್ಥೆ ಕಡ್ಡಾಯವಾಗಲಿ. ಬಳಸುವ ಮದ್ದಿನ ಘಟಕಗಳ ಪಟ್ಟಿಯನ್ನು ಮಾಲೀಕರಿಂದ ಪಡೆದು, ಪರ್ಕ್ಲೋರೇಟ್ ಇದ್ದಲ್ಲಿ ಅದರ ಪರೀಕ್ಷೆಯೂ ಆಗಲಿ. ಸುತ್ತಲಿನ ಬೋರ್‌ವೆಲ್‌ಗಳ ಸ್ಯಾಂಪಲ್ಲನ್ನು ಮುಂಗಾರಿಗೆ ಮೊದಲೊಮ್ಮೆ, ಮೊದಲ ದೊಡ್ಡ ಮಳೆಯ ನಂತರ ಮತ್ತೊಮ್ಮೆ ತೆಗೆಯಲಿ. ಐಸ್ ಪೆಟ್ಟಿಗೆಯಲ್ಲಿಟ್ಟು 48 ಗಂಟೆಯೊಳಗೆ ನೈಟ್ರೇಟ್ ಪರೀಕ್ಷೆ ಮುಗಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿ ಬೋರ್ಡಿಗೆ ಹಾಕಿಸಿ.

ಇಂತಿ,
ರಸಾಯನಶಾಸ್ತ್ರ ಅಧ್ಯಾಪಕರು, ಹಾಸನ