ಆರು ಪ್ರಶ್ನೆಗಳ ಪಟ್ಟಿ ಜರಡಿಯಷ್ಟೇ, ತಕ್ಕಡಿಯಲ್ಲ

ಮಾನ್ಯ ಸಂಪಾದಕರೇ,

‘ನಿಮಗೂ ಎಡಿಎಚ್‌ಡಿ ಇದೆಯೇ? ಆರು ಪ್ರಶ್ನೆ, ಒಂದೇ ನಿಮಿಷ’ ಎಂಬಂಥ ತಲೆಬರಹದ ಪಟ್ಟಿಗಳು ರೀಲ್ಸ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಈಚೆಗೆ ಪತ್ರಿಕೆಗಳ ಪುರವಣಿಗಳಲ್ಲೂ ಓಡಾಡುತ್ತಿವೆ. ಎಡಿಎಚ್‌ಡಿ ಎಂದರೆ ಗಮನ ನಿಲ್ಲದಿರುವುದು, ಚಡಪಡಿಕೆ, ದುಡುಕು ಎಳವೆಯಿಂದಲೇ ಜೊತೆಗಿರುವ ತೊಂದರೆ. ನಾಲ್ಕಕ್ಕೆ ‘ಹೌದು’ ಎಂದರೆ ನಿಮಗಿದೆ ಎಂಬ ತೀರ್ಪು ಕೊನೆಯ ಸಾಲಿನಲ್ಲೇ ಇರುತ್ತದೆ. ವಯಸ್ಕರ ಎಡಿಎಚ್‌ಡಿ ಕುರಿತು ಕನ್ನಡದಲ್ಲಿ ಮಾತು ಶುರುವಾಗಿರುವುದು ಸಂತೋಷವೇ. ಚಿಕ್ಕಂದಿನಿಂದ ‘ಸೋಮಾರಿ’, ‘ಬೇಜವಾಬ್ದಾರಿ’ ಎಂದು ಬೈಸಿಕೊಂಡೇ ನಲವತ್ತು ದಾಟಿದವರಲ್ಲಿ ಕೆಲವರಿಗೆ ನಿಜಕ್ಕೂ ಈ ತೊಂದರೆ ಇರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ. ಆದರೆ ಪಟ್ಟಿ ಮಾಡಿದ್ದು ಒಂದು ಕೆಲಸಕ್ಕೆ, ಅದನ್ನು ಹಚ್ಚಿರುವುದು ಇನ್ನೊಂದಕ್ಕೆ.

ಈ ಆರು ಪ್ರಶ್ನೆಗಳ ಮೂಲ ಎಎಸ್‌ಆರ್‌ಎಸ್ ಎಂಬ ಪ್ರಶ್ನಾವಳಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು ರೂಪಿಸಿ 2005ರಲ್ಲಿ ಪ್ರಕಟಿಸಿದ್ದು. ಪೂರ್ತಿ ಪಟ್ಟಿಯಲ್ಲಿ 18 ಪ್ರಶ್ನೆಗಳಿವೆ. ಮೊದಲ ಆರು, ಮುಂದಿನ ವಿಚಾರಣೆ ಯಾರಿಗೆ ಬೇಕು ಎಂದು ಸೋಸುವುದಕ್ಕೆ. ಮೂಲದಲ್ಲಿ ‘ಹೌದು–ಇಲ್ಲ’ ಎಂಬುದೇ ಇಲ್ಲ. ಕಳೆದ ಆರು ತಿಂಗಳನ್ನು ನೆನೆದು ‘ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ್ಗೆ, ತೀರಾ ಆಗಾಗ್ಗೆ’ ಎಂಬ ಐದು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅವುಗಳಲ್ಲಿ ಕೆಲವಕ್ಕೆ ಮಾತ್ರ ಬೂದು ಬಣ್ಣ ಬಳಿದಿರುತ್ತದೆ, ಲೆಕ್ಕಕ್ಕೆ ಬರುವುದು ಆ ಚೌಕಗಳೇ. ಕೆಲಸದ ಕೊನೆಯ ಚೂರುಪಾರು ಮುಗಿಸಲಾಗದಿರುವುದು, ಅಚ್ಚುಕಟ್ಟಾಗಿ ಜೋಡಿಸಿಕೊಳ್ಳಲಾಗದಿರುವುದು, ಹೋಗಬೇಕಾದಲ್ಲಿಗೆ ಹೋಗುವುದನ್ನೇ ಮರೆಯುವುದು – ಈ ಮೊದಲ ಮೂರಕ್ಕೆ ‘ಕೆಲವೊಮ್ಮೆ’ಯಿಂದಲೇ ಬೂದು ಶುರು. ತಲೆ ಖರ್ಚಾಗುವ ಕೆಲಸವನ್ನು ಮುಂದೂಡುವುದು, ಕೂತಲ್ಲಿ ಕೈಕಾಲು ಆಡಿಸುವುದು, ಯಾರೋ ಕೀಲಿ ಕೊಟ್ಟಂತೆ ಓಡುತ್ತಲೇ ಇರುವುದು – ಈ ಮೂರಕ್ಕೆ ‘ಆಗಾಗ್ಗೆ’ಯಿಂದ. ಈ ಬಣ್ಣವನ್ನು ಬಿಟ್ಟು ಅಚ್ಚು ಹಾಕಿದ ಕೂಡಲೇ ಜರಡಿಯ ತೂತು ದೊಡ್ಡದಾಗುತ್ತದೆ. ಕಷ್ಟದ ಕೆಲಸವನ್ನು ‘ಕೆಲವೊಮ್ಮೆ’ ಮುಂದೂಡದವರು ಯಾರಿದ್ದಾರೆ? ಭಾಷಾಂತರದ ತೊಡಕು ಬೇರೆ. ‘ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾನೆ’ ಎನ್ನುವುದು ನಮ್ಮಲ್ಲಿ ಎಷ್ಟೋ ಸಲ ಮೆಚ್ಚುಗೆಯ ಮಾತು.

ಪಟ್ಟಿಯನ್ನು ಸರಿಯಾಗಿಯೇ ಬಳಸಿದೆವು ಎನ್ನಿ, ಆಗಲೂ ಒಂದು ಲೆಕ್ಕ ಉಳಿಯುತ್ತದೆ. ವಯಸ್ಕರಲ್ಲಿ ಎಡಿಎಚ್‌ಡಿ ಪ್ರಮಾಣ ಶೇ 2.5ರ ಆಸುಪಾಸು ಎಂದು 2009ರಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳುತ್ತದೆ. ಅಂದರೆ ಸಾವಿರ ಜನರಲ್ಲಿ 25. ಪಟ್ಟಿ ಆ 25ರಲ್ಲಿ 20 ಜನರನ್ನು ಹಿಡಿಯಿತು, ಉಳಿದ 975 ಜನರಲ್ಲಿ ನೂರಕ್ಕೆ ಹತ್ತು ಮಂದಿಯನ್ನಷ್ಟೇ ತಪ್ಪಾಗಿ ಹಿಡಿಯಿತು ಎಂದು ಇಟ್ಟುಕೊಳ್ಳೋಣ. ವಾದಕ್ಕೆಂದು ಹಿಡಿದ ಅಂಕಿಯಿದು. ತಪ್ಪಾಗಿ ಸಿಕ್ಕವರೇ 97 ಜನ ಆಗುತ್ತಾರೆ. ನಾಲ್ಕು ಗುರುತು ಬಿದ್ದ 117 ಜನರಲ್ಲಿ ನಿಜವಾಗಿ ತೊಂದರೆ ಇರುವವರು 20, ಆರಕ್ಕೆ ಒಬ್ಬರಂತೆ.

ಇನ್ನು ನಿಜವಾದ ರೋಗನಿರ್ಣಯದ ವಿಷಯ. 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ–5 ಕೈಪಿಡಿ ವಯಸ್ಕರ ಮಟ್ಟಿಗೆ ಎರಡು ಕಡೆ ಸಡಿಲ ಮಾಡಿತು. ಗಮನದ ಒಂಬತ್ತು ಲಕ್ಷಣಗಳಲ್ಲೋ ಚಡಪಡಿಕೆ–ದುಡುಕಿನ ಒಂಬತ್ತರಲ್ಲೋ ಮಕ್ಕಳಿಗೆ ಆರು ಬೇಕು. 17 ತುಂಬಿದವರಿಗೆ ಐದು ಸಾಕು. ಲಕ್ಷಣ ಏಳು ವರ್ಷಕ್ಕೆ ಮೊದಲೇ ಇರಬೇಕು ಎಂಬುದನ್ನು ಹನ್ನೆರಡಕ್ಕೆ ಏರಿಸಿತು. ಆದರೆ ‘ಬಾಲ್ಯದಲ್ಲೇ ಇರಬೇಕು’ ಎಂಬ ಷರತ್ತನ್ನು ತೆಗೆಯಲಿಲ್ಲ. ಮನೆ, ಕಚೇರಿ, ಗೆಳೆಯರ ಬಳಗ ಹೀಗೆ ಕನಿಷ್ಠ ಎರಡು ಕಡೆ ಲಕ್ಷಣಗಳು ಕಾಣಬೇಕು, ಅವುಗಳಿಂದ ಬದುಕಿಗೆ ಏಟು ಬಿದ್ದಿರಬೇಕು ಎಂಬ ಷರತ್ತುಗಳೂ ಇವೆ. ಆಫೀಸಿನಲ್ಲಿ ಮಾತ್ರ ಗಮನ ನಿಲ್ಲುವುದಿಲ್ಲ ಎಂದರೆ ಮೊದಲು ಆಫೀಸಿನ ಕಡೆ ನೋಡಬೇಕು.

ಬಾಲ್ಯದ ಈ ಷರತ್ತಿನ ಸುತ್ತ ಕಳೆದ ಹತ್ತು ವರ್ಷಗಳಲ್ಲಿ ಮನೋವೈದ್ಯ ಸಂಶೋಧನೆಯಲ್ಲಿ ದೊಡ್ಡ ಜಗ್ಗಾಟವೇ ನಡೆದಿದೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಜನರನ್ನು ಎಳವೆಯಿಂದ 38ನೇ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಟೆರಿ ಮಾಫಿಟ್ ತಂಡ 2015ರಲ್ಲಿ ಅದರ ಫಲಿತಾಂಶ ಪ್ರಕಟಿಸಿದಾಗ ಎಲ್ಲರೂ ಬೆಚ್ಚಿಬಿದ್ದರು. 38ನೇ ವಯಸ್ಸಿನಲ್ಲಿ ಎಡಿಎಚ್‌ಡಿ ಲಕ್ಷಣ ತೋರಿದವರಲ್ಲಿ ಶೇ 90ರಷ್ಟು ಮಂದಿಗೆ ಬಾಲ್ಯದಲ್ಲಿ ಅದು ಇದ್ದ ದಾಖಲೆಯೇ ಇರಲಿಲ್ಲ. ಹಾಗಾದರೆ ದೊಡ್ಡವರಾದ ಮೇಲೆ ಹುಟ್ಟುವ ಎಡಿಎಚ್‌ಡಿ ಎಂಬುದೊಂದು ಬೇರೆಯೇ ಇದೆಯೇ? ಮರುವರ್ಷ ಬ್ರೆಜಿಲ್ ಮತ್ತು ಬ್ರಿಟನ್ನಿನಿಂದಲೂ ಅದೇ ಧಾಟಿಯ ವರದಿಗಳು ಬಂದವು.

2018ರಲ್ಲಿ ಮಾರ್ಗರೆಟ್ ಸಿಬ್ಲಿ ತಂಡ ಇದನ್ನು ಇನ್ನೊಂದು ದಾರಿಯಲ್ಲಿ ಪರೀಕ್ಷಿಸಿತು. ಬಾಲ್ಯದಲ್ಲಿ ಎಡಿಎಚ್‌ಡಿ ಇಲ್ಲವೆಂದು ಖಚಿತವಾಗಿದ್ದ 239 ಜನರನ್ನು 10ರಿಂದ 25ನೇ ವಯಸ್ಸಿನವರೆಗೆ ಮತ್ತೆ ಮತ್ತೆ ನೋಡಿತು. ಹೊಸದಾಗಿ ಲಕ್ಷಣಪಟ್ಟಿಯ ಗೆರೆ ದಾಟಿದವರನ್ನು ಕೂರಿಸಿ ವಿವರವಾಗಿ ಕೇಳಿದಾಗ ಸುಮಾರು ಶೇ 95ರಷ್ಟು ಮಂದಿಗೆ ಎಡಿಎಚ್‌ಡಿ ಅಲ್ಲವೆಂದಾಯಿತು. ಕೆಲವರ ಗಮನ ಕೆಡಿಸಿದ್ದು ಗಾಂಜಾ, ಮದ್ಯದಂಥ ಚಟ. ಕೆಲವರಲ್ಲಿ ಬೇರೆ ಮಾನಸಿಕ ತೊಂದರೆ. ಇನ್ನು ಕೆಲವರಿಗೆ ಲಕ್ಷಣವಿದ್ದರೂ ಅದರಿಂದ ಆದ ಹಾನಿಯೇನೂ ಇರಲಿಲ್ಲ. ನಮ್ಮ ಮಟ್ಟಿಗೆ ಈ ಹತ್ತು ವರ್ಷದ ಬಹು ಮುಖ್ಯ ಪಾಠ ಇದೇ. ಪಟ್ಟಿ ಒಂದೇ ಇದ್ದಾಗ ಕಂಡ ರೋಗ, ಪ್ರಶ್ನೆ ಕೇಳುವವರು ಎದುರು ಕೂತಾಗ ಕಾಣದಾಯಿತು.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಅದೇ ಡ್ಯುನೆಡಿನ್‌ನಲ್ಲಿ, ಚಿಕ್ಕಂದಿನಲ್ಲಿ ಎಡಿಎಚ್‌ಡಿ ಇತ್ತೆಂದು ದಾಖಲಾಗಿದ್ದವರ ತಂದೆತಾಯಿಯರನ್ನು ಎಷ್ಟೋ ವರ್ಷದ ಮೇಲೆ ಕೇಳಿದರೆ ಬಹುಪಾಲು ಮಂದಿಗೆ ಅದು ನೆನಪೇ ಇರಲಿಲ್ಲ. ಹಾಗಾಗಿ ‘ಅವನಾ, ಚಿಕ್ಕವನಿದ್ದಾಗ ಚೆನ್ನಾಗೇ ಇದ್ದ’ ಎಂದು ಅಮ್ಮ ಹೇಳಿದ ಮಾತ್ರಕ್ಕೆ ಕಡತ ಮುಚ್ಚುವ ವೈದ್ಯರೂ ತಪ್ಪುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಜ. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕೂತ ಹುಡುಗಿ ಯಾವ ಟೀಚರ ಕಣ್ಣಿಗೂ ಬೀಳುವುದಿಲ್ಲ.

ಹೀಗಾಗಿ ವಿಚಾರಣೆ ಸಣ್ಣಸಣ್ಣ ಸಂಗತಿಗಳಿಗೆ ಇಳಿಯಬೇಕು. ‘ಚಿಕ್ಕಂದಿನಲ್ಲಿ ಗಮನ ಕಡಿಮೆ ಇತ್ತೇ?’ ಎಂದು ಕೇಳಿದರೆ ಯಾವ ಉತ್ತರವೂ ಬರಬಹುದು. ಮೂರನೇ ಕ್ಲಾಸಿನಲ್ಲಿ ಒಂದು ವರ್ಷಕ್ಕೆ ಎಷ್ಟು ಜ್ಯಾಮಿಟ್ರಿ ಬಾಕ್ಸ್ ಕೊಡಿಸಿದಿರಿ, ಬ್ಯಾಗು ತುಂಬುತ್ತಿದ್ದವರು ಯಾರು, ಲೆಕ್ಕ ಬರುತ್ತಿದ್ದರೂ ಪ್ಲಸ್ಸನ್ನು ಮೈನಸ್ಸು ಎಂದು ನೋಡಿ ಅಂಕ ಕಳೆದುಕೊಳ್ಳುತ್ತಿದ್ದನೇ, ಮನೆಗೆ ಬಂದ ದೂರುಗಳೇನು ಎಂದು ಕೇಳಬೇಕು. ಹಳೆಯ ಮಾರ್ಕ್ಸ್ ಕಾರ್ಡ್, ಶಾಲೆಯ ಡೈರಿ ಇದ್ದರೆ ತರಿಸಬೇಕು. ಅಮ್ಮನಿಗಿಂತ ಅಕ್ಕನಿಗೋ ಚಿಕ್ಕಮ್ಮನಿಗೋ ಹೆಚ್ಚು ನೆನಪಿರುವುದುಂಟು. ಅಮ್ಮ ಬೆನ್ನ ಹಿಂದೆ ನಿಂತು ಓದಿಸಿ, ಟ್ಯೂಷನ್ನು ಕೈಹಿಡಿದು ನಡೆಸಿ, ಪಿಯುಸಿಯಲ್ಲಿ ತೊಂಬತ್ತು ತೆಗೆದ ಹುಡುಗ ಎಂಜಿನಿಯರಿಂಗ್ ಹಾಸ್ಟೆಲಿಗೆ ಹೋದ ಮೊದಲ ಸೆಮಿಸ್ಟರಿನಲ್ಲೇ ನೆಲ ಕಚ್ಚಿದರೆ ‘ತೊಂದರೆ ಹದಿನೆಂಟಕ್ಕೆ ಶುರುವಾಯಿತು’ ಎಂದು ಬರೆದುಬಿಡಬಾರದು. ಊರುಗೋಲು ತೆಗೆದದ್ದು ಹದಿನೆಂಟಕ್ಕೆ, ಅಷ್ಟೇ.

ಈಗಿನ ಬದುಕಿನ ಬಗ್ಗೆಯೂ ಹಾಗೆಯೇ. ಒಲೆ ಮೇಲಿಟ್ಟ ಹಾಲು ಉಕ್ಕಿಸದ ಮನೆ ಇಲ್ಲ. ವಾರಕ್ಕೆ ಎಷ್ಟು ಸಲ, ಆಗ ನೀವು ಎಲ್ಲಿದ್ದಿರಿ, ಪಾತ್ರೆ ಸೀಯುವ ತನಕ ಗೊತ್ತಾಗಲಿಲ್ಲವೇ, ಈಗ ಮನೆಯಲ್ಲಿ ಹಾಲು ಕಾಯಿಸುವ ಕೆಲಸವನ್ನೇ ನಿಮ್ಮಿಂದ ಕಿತ್ತುಕೊಂಡಿದ್ದಾರೆಯೇ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಹೆಚ್ಚಿನ ಸುಳಿವು ಇರುತ್ತದೆ. ಇಷ್ಟೆಲ್ಲ ಕೇಳಲು ಒಂದೂವರೆ–ಎರಡು ಗಂಟೆ ಬೇಕು, ಒಮ್ಮೆಗೇ ಮುಗಿಯದೆಯೂ ಇರಬಹುದು. ಹತ್ತು ನಿಮಿಷದ ಒಪಿಡಿಯಲ್ಲಿ ಆಗುವ ಕೆಲಸವಲ್ಲ.

ಜೊತೆಗೆ ಬೇರೆ ಕಾರಣಗಳನ್ನು ತಳ್ಳಿಹಾಕಬೇಕು. ಮೊದಲನೆಯದು ನಿದ್ದೆ. ನೈಟ್ ಶಿಫ್ಟ್, ತಡರಾತ್ರಿಯ ಮೊಬೈಲ್, ಗೊರಕೆಯ ಜೊತೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ – ಇವು ಮೂರೂ ಎಡಿಎಚ್‌ಡಿಯ ವೇಷ ಹಾಕಬಲ್ಲವು. ಥೈರಾಯ್ಡ್, ರಕ್ತಹೀನತೆ ನೋಡಿಸಬೇಕು. ಖಿನ್ನತೆ, ಆತಂಕ, ಬೈಪೋಲಾರ್ ತೊಂದರೆ ಇವೆಯೇ ಎಂದು ಕೇಳಬೇಕು. ಒಂದು ಸುಲಭದ ಗುರುತು ಹೇಳುವುದಾದರೆ, ‘ಮೊದಲು ಚೆನ್ನಾಗಿದ್ದೆ, ಎರಡು ವರ್ಷದಿಂದ ಹೀಗಾಗಿದೆ’ ಎನ್ನುವವರಲ್ಲಿ ಮೊದಲು ಹುಡುಕಬೇಕಾದದ್ದು ಎಡಿಎಚ್‌ಡಿಯನ್ನಲ್ಲ. ಅದು ಬಂದುಹೋಗುವ ಜ್ವರದಂತಲ್ಲ, ಕಟ್ಟಿಕೊಂಡು ಬಂದ ಸ್ವಭಾವದಂತೆ ಎಳವೆಯಿಂದ ಜೊತೆಗಿರುತ್ತದೆ. ಖಿನ್ನತೆಯೂ ಎಡಿಎಚ್‌ಡಿಯೂ ಒಟ್ಟಿಗೇ ಇರುವುದು ಅಪರೂಪವಲ್ಲ ಎಂಬುದನ್ನೂ ಮರೆಯಬಾರದು.

‘ಮಾತ್ರೆ ಕೊಟ್ಟು ನೋಡೋಣ, ಗಮನ ನಿಂತರೆ ಎಡಿಎಚ್‌ಡಿ ಎಂದೇ ಅರ್ಥ’ ಎಂಬ ಮಾತೂ ಚಾಲ್ತಿಯಲ್ಲಿದೆ. ಇದು 1978ರಲ್ಲೇ ಸುಳ್ಳಾಯಿತು. ಅಮೆರಿಕದಲ್ಲಿ ಜುಡಿತ್ ರಾಪೊಪೋರ್ಟ್ ತಂಡ ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಡೆಕ್ಸ್‌ಟ್ರೊಆಂಫೆಟಮಿನ್ ಎಂಬ ಉತ್ತೇಜಕ ಔಷಧ ಕೊಟ್ಟು ನೋಡಿತು. ಅವರ ಚಡಪಡಿಕೆಯೂ ಇಳಿಯಿತು, ಗಮನವೂ ಹೆಚ್ಚಿತು. ಉತ್ತೇಜಕ ಔಷಧ ಯಾರ ಗಮನವನ್ನಾದರೂ ಅಷ್ಟಿಷ್ಟು ನಿಲ್ಲಿಸುತ್ತದೆ.

ಔಷಧದ ಕಾನೂನು ತಿಳಿಯದೆ ಪರದಾಡುವವರು ಬಹಳ. ನಮ್ಮ ದೇಶದಲ್ಲಿ ಎಡಿಎಚ್‌ಡಿಗೆ ಬಳಸುವ ಉತ್ತೇಜಕ ಮೀಥೈಲ್‌ಫೆನಿಡೇಟ್. ಅದು ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಮನೋಪ್ರಭಾವಿ ವಸ್ತುಗಳ ಪಟ್ಟಿಯಲ್ಲೂ ಔಷಧ ನಿಯಮಗಳ ಷೆಡ್ಯೂಲ್ ಎಕ್ಸ್‌ನಲ್ಲೂ ಇದೆ. ಪ್ರತ್ಯೇಕ ಪರವಾನಗಿ ಇರುವ ಮೆಡಿಕಲ್ ಶಾಪ್ ಮಾತ್ರ ಅದನ್ನು ಮಾರಬಹುದು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಷೆಡ್ಯೂಲ್ ಎಕ್ಸ್ ಔಷಧವನ್ನು ವಿಡಿಯೊ ಕರೆಯಲ್ಲಿ ಬರೆದುಕೊಡುವಂತಿಲ್ಲ. ತಾಲ್ಲೂಕಿನಲ್ಲಿರುವವರು ಮಾತ್ರೆ ಮುಗಿಯುವ ದಿನ ಎದ್ದು ಹೊರಟರೆ ನಡುವೆ ಬಿಡುವು ಬಿದ್ದೇ ಬೀಳುತ್ತದೆ, ಆದ್ದರಿಂದ ವಾರ ಮೊದಲೇ ಮುಂದಿನ ಭೇಟಿ ಗೊತ್ತುಮಾಡಿಕೊಳ್ಳಬೇಕು. ಮರೆವೇ ರೋಗವಾದವರಿಗೆ ಇಂಥ ನಿಯಮ ಎಂಬುದು ವಿಪರ್ಯಾಸವೇ, ಆದರೆ ದುರ್ಬಳಕೆಯ ಭಯ ಸುಳ್ಳಲ್ಲ.

ಎಡಿಎಚ್‌ಡಿಯ ಇನ್ನೊಂದು ಔಷಧ ಅಟೊಮೊಕ್ಸೆಟಿನ್ ಉತ್ತೇಜಕವಲ್ಲ, ಅದಕ್ಕೆ ಈ ಬಿಗಿ ಇಲ್ಲ. ಅದರಲ್ಲಿ ಆಗುವ ತಪ್ಪು ಬೇರೆ. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 40 ಮಿ.ಗ್ರಾಂ.ನಿಂದ ಶುರುಮಾಡಿ 80ಕ್ಕೆ ಏರಿಸುತ್ತಾರೆ, 100 ದಾಟುವುದಿಲ್ಲ. ಮೀಥೈಲ್‌ಫೆನಿಡೇಟ್‌ನಂತೆ ಗಂಟೆಯೊಳಗೆ ಗೊತ್ತಾಗುವುದಿಲ್ಲ, ಪೂರ್ಣ ಪರಿಣಾಮಕ್ಕೆ ನಾಲ್ಕರಿಂದ ಆರು ವಾರವೋ ಇನ್ನೂ ಹೆಚ್ಚೋ ಬೇಕು. ಮೊದಲ ವಾರ ಹೊಟ್ಟೆ ತೊಳಸಿ, ಬಾಯಿ ಒಣಗಿ, ಹತ್ತನೇ ದಿನ ‘ಇದರಿಂದ ಏನೂ ಆಗಲಿಲ್ಲ’ ಎಂದು ಬಿಡುವವರಿದ್ದಾರೆ. ಊಟದ ಜೊತೆ ತೆಗೆದುಕೊಂಡರೆ ತೊಳಸು ಕಡಿಮೆ. ಖಿನ್ನತೆಗೆ ಫ್ಲೂಆಕ್ಸೆಟಿನ್ ಅಥವಾ ಪ್ಯಾರೊಕ್ಸೆಟಿನ್ ನುಂಗುತ್ತಿರುವವರಲ್ಲಿ ಯಕೃತ್ತು ಇದನ್ನು ಬೇಗ ಕರಗಿಸಲಾರದೆ ರಕ್ತದಲ್ಲಿ ಇದರ ಮಟ್ಟ ಏರುತ್ತದೆ. ಅಂಥವರಿಗೆ ಏರಿಕೆ ನಿಧಾನವಾಗಬೇಕು. ಯಾವ ಔಷಧವೇ ಇರಲಿ, ಮೊದಲು ರಕ್ತದೊತ್ತಡ, ನಾಡಿ, ತೂಕ ಬರೆದಿಡಬೇಕು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯ ನಿಂತು ಹೋಗಿದ್ದಾರೆಯೇ ಎಂದು ಕೇಳಬೇಕು. ದೀರ್ಘಕಾಲದ ಬಳಕೆಯಿಂದ ರಕ್ತದೊತ್ತಡದ ಅಪಾಯ ಸ್ವಲ್ಪ ಹೆಚ್ಚುವುದನ್ನು ಸ್ವೀಡನ್ನಿನ ದಾಖಲೆಗಳು ತೋರಿಸಿವೆ. ಅದೇ ದೇಶದ 2014ರ ಇನ್ನೊಂದು ಅಧ್ಯಯನದಲ್ಲಿ, ಎಡಿಎಚ್‌ಡಿ ಇರುವ ಗಂಡಸರು ಔಷಧ ತೆಗೆದುಕೊಳ್ಳುತ್ತಿದ್ದ ಅವಧಿಗಳಲ್ಲಿ ಗಂಭೀರ ರಸ್ತೆ ಅಪಘಾತಗಳು ಶೇ 58ರಷ್ಟು ಕಡಿಮೆ ಇದ್ದವು. ತಕ್ಕಡಿಯ ಎರಡೂ ತಟ್ಟೆ ನೋಡಿಯೇ ತೀರ್ಮಾನಿಸಬೇಕು.

ಔಷಧದ ಜೊತೆ, ಕೆಲಸವನ್ನು ತುಂಡು ಮಾಡಿಕೊಳ್ಳುವುದು, ಒಂದೇ ಡೈರಿ ಇಟ್ಟುಕೊಳ್ಳುವುದು, ಮುಂದೂಡುವ ಚಾಳಿಯನ್ನು ಹಿಡಿದು ನಿಲ್ಲಿಸುವುದನ್ನು ಕಲಿಸುವ ಸಿಬಿಟಿ (ಯೋಚನೆ, ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ) ತರಬೇತಿಗೂ ಆಧಾರವಿದೆ. 2010ರಲ್ಲಿ ಸ್ಟೀವನ್ ಸ್ಯಾಫ್ರೆನ್ ತಂಡ, ಔಷಧ ತೆಗೆದುಕೊಂಡೂ ಲಕ್ಷಣ ಉಳಿದಿದ್ದ 86 ವಯಸ್ಕರಲ್ಲಿ ಇದು ರಿಲ್ಯಾಕ್ಸೇಷನ್ ತರಬೇತಿಗಿಂತ ಮೇಲೆಂದು ತೋರಿಸಿತು. ಕನ್ನಡದಲ್ಲಿ ಇದನ್ನು ಹೇಳಿಕೊಡಬಲ್ಲವರು ಬೆಂಗಳೂರು, ಮೈಸೂರಿನ ಆಚೆ ಸಿಗುವುದು ಕಷ್ಟ.

ನಮ್ಮ ಕೋರಿಕೆ ಸಣ್ಣದು. ಇನ್ನು ಮುಂದೆ ಈ ಪಟ್ಟಿಯನ್ನು ಅಚ್ಚು ಹಾಕುವುದಾದರೆ ಐದು ಚೌಕಗಳೊಂದಿಗೆ, ಬೂದು ಬಣ್ಣ ಉಳಿಸಿಕೊಂಡು ಹಾಕಿ. ‘ನಿಮಗಿದೆ’ ಎಂಬ ಸಾಲು ತೆಗೆದು, ‘ಹನ್ನೆರಡು ವರ್ಷಕ್ಕೆ ಮುಂಚೆಯೂ ಹೀಗೇ ಇತ್ತೇ? ಕನಿಷ್ಠ ಎರಡು ಕಡೆ ತೊಂದರೆ ಆಗಿದೆಯೇ? ಆಗಿದ್ದರೆ ಮನೋವೈದ್ಯರನ್ನು ಕಾಣಿ, ಹಳೆಯ ಮಾರ್ಕ್ಸ್ ಕಾರ್ಡ್ ಮತ್ತು ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ’ ಎಂದು ಸೇರಿಸಿ. ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗಾಗಿ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನೂ ಕೊಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

– ಇಬ್ಬರು ಮನೋವೈದ್ಯರು ಮತ್ತು ಒಬ್ಬ ಚಿಕಿತ್ಸಾ ಮನೋವಿಜ್ಞಾನಿ, ಮೈಸೂರು